ಕಪ್ಪಾಗುವ ಕಾಗದ

ಬೆರಳಗಲದ ಒಂದು ಕಾಗದದ ಚೂರಿನಿಂದ ನನ್ನ ಮಾತು ಶುರುವಾಗುತ್ತದೆ.

ಕೋಲಾರ ಜಿಲ್ಲೆಯ ಒಂದು ಸರ್ಕಾರಿ ಕಾಲೇಜಿನಲ್ಲಿ ನಾನು ಬಿ.ಎಸ್ಸಿ. ಓದುತ್ತಿದ್ದ ಕಾಲ. ಕೆಮಿಸ್ಟ್ರಿ ಲ್ಯಾಬಿನ ಮೂಲೆಯಲ್ಲಿ, ಗಾಜು ಒಡೆದ ಕಿಟಕಿಯ ಪಕ್ಕ, ಕಿಪ್ ಉಪಕರಣ ಇಟ್ಟಿದ್ದರು. ಒಂದರ ಮೇಲೊಂದು ಮೂರು ಗಾಜಿನ ಬುರುಡೆ. ನಡುವಿನದರಲ್ಲಿ ಫೆರಸ್ ಸಲ್ಫೈಡಿನ ಕಪ್ಪು ತುಂಡುಗಳು, ಅದಕ್ಕೆ ಏರಿ ಬರುವ ಆಮ್ಲ. ನಲ್ಲಿ ತಿರುಗಿಸಿದರೆ ಕೊಳೆತ ಮೊಟ್ಟೆಯ ನಾತ. ಅದು ಹೈಡ್ರೋಜನ್ ಸಲ್ಫೈಡ್. ಲೆಡ್ ಅಸಿಟೇಟ್ ದ್ರಾವಣದಲ್ಲಿ ಅದ್ದಿದ ಫಿಲ್ಟರ್ ಪೇಪರಿನ ಚೂರೊಂದನ್ನು ನಲ್ಲಿಯ ಬಾಯಿಗೆ ಹಿಡಿದೆ. ನೋಡನೋಡುತ್ತಿದ್ದಂತೆ ಬಿಳಿ ಕಾಗದ ಕಂದಾಯಿತು, ಕಪ್ಪಾಯಿತು, ಸೀಸದ ಹೊಳಪು ಬಂತು. ನಾನು ಮೂಗು ಮುಚ್ಚಿಕೊಂಡೆ.

ತೊಟ್ಟಿಯ ಹತ್ತಿರ ಟೆಸ್ಟ್ ಟ್ಯೂಬ್ ತೊಳೆಯುತ್ತಿದ್ದ ಅಟೆಂಡರ್ ಅಣ್ಣ ತಿರುಗಿ ನೋಡಿದರು.

"ಏನಪ್ಪ, ಇಷ್ಟಕ್ಕೇ ಮೂಗು ಮುಚ್ಕೊಂಡೆ? ನಮ್ಮ ನಾಯ್ನ ದಿನಾ ಸಾಯಂಕಾಲ ಇದೇ ವಾಸ್ನೆ ಹೊತ್ಕೊಂಡು ಮನೆಗ್ ಬರ್ತಿದ್ದ."

ಅವರ ತಂದೆ ಕೆಜಿಎಫ್‌ನ ಪಾಯಿಖಾನೆ ಬಳಿಯುತ್ತಿದ್ದವರು. ನಾನು ಪಾಠವೆಂದು ಕಲಿತದ್ದು ಅವರಿಗೆ ಅಪ್ಪನ ಮೈ ವಾಸನೆ. ಆ ಮಾತು ಕೇಳಿ ಮೂಗಿನಿಂದ ಕೈ ತೆಗೆದೆ. ಈ ಬರಹ ಆ ಕೈಯಿಂದಲೇ ಬರುತ್ತಿದೆ.

ಈಗ 2023ರ ಡಿಸೆಂಬರಿಗೆ ಬನ್ನಿ. ಮಾಲೂರು ತಾಲ್ಲೂಕಿನ ಯಲವಹಳ್ಳಿ. ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಿದ ವಿಡಿಯೊ ಹೊರಬಂತು. ಓದಲೆಂದು ಅಪ್ಪ ಅಮ್ಮ ಹಾಸಿಗೆ, ಪೆಟ್ಟಿಗೆ ಕೊಟ್ಟು ಕಳಿಸಿದ ದಲಿತ ಮಕ್ಕಳು. ಪ್ರಾಂಶುಪಾಲರು, ಶಿಕ್ಷಕರು ಅಮಾನತಾದರು, ಬಂಧನವೂ ಆಯಿತು. ಸಚಿವರು ಬಂದರು, ಕ್ಯಾಮೆರಾ ಬಂತು, ಎಲ್ಲರೂ ಹೋದರು. ಆ ಗುಂಡಿಯ ಗಾಳಿಯಲ್ಲಿ ಏನಿತ್ತು ಎಂದು ಆ ಗದ್ದಲದಲ್ಲಿ ಯಾರೂ ಕೇಳಿದ್ದು ನನಗೆ ಕೇಳಿಸಲಿಲ್ಲ.

ನಾನು ಹೇಳುತ್ತೇನೆ. ಮಲದ ಗುಂಡಿಯಲ್ಲಿ ಗಾಳಿ ಸೇರದೆ ಕೊಳೆಯುವ ವಸ್ತುವಿನಿಂದ ಇದೇ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಗಾಳಿಗಿಂತ ಭಾರ, ಹಾಗಾಗಿ ತಳದಲ್ಲೇ ಕೂತಿರುತ್ತದೆ. ಕೆಸರು ಕಲಕಿದಾಗ ಒಮ್ಮೆಲೇ ಮೇಲೇಳುತ್ತದೆ. ಸ್ವಲ್ಪ ಇದ್ದಾಗ ನಾರುತ್ತದೆ. ಹತ್ತು ಲಕ್ಷ ಪಾಲು ಗಾಳಿಯಲ್ಲಿ ನೂರು ಪಾಲು ದಾಟಿದರೆ ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ. ನಾತ ನಿಂತಿತು ಎಂದುಕೊಂಡು ಮನುಷ್ಯ ಇನ್ನೊಂದು ಮೆಟ್ಟಿಲು ಇಳಿಯುತ್ತಾನೆ. ಅದೇ ಕೊನೆಯ ಮೆಟ್ಟಿಲು. ಜೀವಕೋಶ ಉಸಿರಾಡುವ ಕಿಣ್ವವನ್ನು ಸೈನೈಡ್ ಹೇಗೆ ಹಿಡಿದು ನಿಲ್ಲಿಸುತ್ತದೋ ಇದೂ ಹಾಗೆಯೇ ನಿಲ್ಲಿಸುತ್ತದೆ. ಚಿನ್ನ ಬಿಡಿಸಲು ಸೈನೈಡ್ ಸುರಿದು, ಆ ಮಣ್ಣಿನ ದಿಬ್ಬಗಳನ್ನು ನಮ್ಮ ತಲೆಯ ಮೇಲೆ ಬಿಟ್ಟುಹೋದ ಕೆಜಿಎಫ್‌ನಲ್ಲಿ 2011ರಲ್ಲಿ ಮೂವರು ಗುಂಡಿಯಲ್ಲಿ ಸತ್ತರು. ಉಸಿರುಗಟ್ಟಿ ಸತ್ತರು ಎಂದು ಬರೆದರು. ಉಸಿರು ತಾನಾಗಿ ಕಟ್ಟುವುದಿಲ್ಲ, ಸ್ವಾಮಿ. ಕಟ್ಟುವ ಅನಿಲಕ್ಕೊಂದು ಹೆಸರಿದೆ. ಆ ಅನಿಲದೊಳಕ್ಕೆ ಕಳಿಸಿದ ಮನುಷ್ಯನಿಗೂ ಒಂದು ಹೆಸರಿದೆ.

ಬಿ.ಎಸ್ಸಿ. ಮೊದಲ ವರ್ಷದ ಹುಡುಗಿಗೂ ಗೊತ್ತಿರುವ ರಸಾಯನಶಾಸ್ತ್ರ ಇದು. ಅದು ಗುಂಡಿಯ ಬಾಯಿಗೆ ಯಾಕೆ ಬರಲಿಲ್ಲ? ಪೊಲೀಸ್ ಠಾಣೆಗೆ, ನ್ಯಾಯಾಲಯದ ಕಟಕಟೆಗೆ ಯಾಕೆ ಬರಲಿಲ್ಲ? ಇದೇ ನನ್ನ ಸಿಟ್ಟು. ನಮ್ಮ ಜಿಲ್ಲೆಯಲ್ಲಿ ವಿಜ್ಞಾನದ ಪಾಠ ಒಂದು ಕಡೆ, ಅನ್ಯಾಯ ಇನ್ನೊಂದು ಕಡೆ. ಇವೆರಡೂ ಭೇಟಿಯಾಗದಂತೆ ನಡುವೆ ಗೋಡೆ ಕಟ್ಟಿದ್ದಾರೆ.

ಒಬ್ಬರು ಆ ಗೋಡೆ ಒಡೆದರು. ಬೆಜವಾಡ ವಿಲ್ಸನ್. ಕೆಜಿಎಫ್‌ನ ಸಫಾಯಿ ಕರ್ಮಚಾರಿಗಳ ಮನೆಯಲ್ಲಿ ಹುಟ್ಟಿದವರು. ಗಣಿ ಕಾಲೊನಿಗಳ ಒಣ ಪಾಯಿಖಾನೆಗಳ ಬಗ್ಗೆ ಅಧಿಕಾರಿಗಳಿಗೆ ಕಾಗದ ಬರೆದರು, ಫೋಟೊ ತೆಗೆದು ಪತ್ರಿಕೆಗಳಿಗೆ ಕೊಟ್ಟರು. 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಜಿಲ್ಲೆಯೇ ಹೆಮ್ಮೆಪಟ್ಟಿತು. ಆದರೆ ಅವರು ಮಾಡಿದ ಕೆಲಸದ ಹೆಸರನ್ನು ಸರಿಯಾಗಿ ಹೇಳಿ: ಸಾಕ್ಷ್ಯ ಸಂಗ್ರಹ. ಕಣ್ಣೆದುರಿನ ನಿಜಕ್ಕೆ ಪುರಾವೆ ಹುಡುಕಿ, ಜೋಡಿಸಿ, ಅಲ್ಲಗಳೆಯಲಾಗದ ಹಾಗೆ ಮೇಜಿನ ಮೇಲಿಡುವುದು. ಫೊರೆನ್ಸಿಕ್ ವಿಜ್ಞಾನ ಎನ್ನುವುದು ಇದನ್ನೇ.

ಪುರಾವೆ ಇಲ್ಲದಿದ್ದರೆ ಏನಾಗುತ್ತದೆ ಎಂದು ಕೋಲಾರಕ್ಕೆ ಯಾರೂ ಹೇಳಿಕೊಡಬೇಕಿಲ್ಲ. 2000ನೇ ಇಸವಿ ಮಾರ್ಚ್ 11ರ ರಾತ್ರಿ. ಕಂಬಾಲಪಲ್ಲಿ. ಚಿಂತಾಮಣಿ ತಾಲ್ಲೂಕು ಆಗಿನ್ನೂ ಕೋಲಾರ ಜಿಲ್ಲೆಯಲ್ಲೇ ಇತ್ತು. ಏಳು ಜನ ದಲಿತರನ್ನು ಜೀವಂತ ಸುಟ್ಟರು. 2006ರ ಡಿಸೆಂಬರಿನಲ್ಲಿ ಕೋಲಾರದ ನ್ಯಾಯಾಲಯ ಆರೋಪಿಗಳನ್ನೆಲ್ಲ ಖುಲಾಸೆ ಮಾಡಿತು. ಸಾಕ್ಷಿಗಳು ಒಬ್ಬರಾದ ಮೇಲೊಬ್ಬರು ತಿರುಗಿ ಬಿದ್ದಿದ್ದರು. 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಏಳು ಹೆಣ, ಕೊಂದವರು ಯಾರೂ ಇಲ್ಲ.

ತಿರುಗಿ ಬಿದ್ದ ಸಾಕ್ಷಿಯನ್ನು ನಾನು ಬೈಯುವುದಿಲ್ಲ. ಅದೇ ಊರಿನಲ್ಲಿ ಬಾಳಬೇಕು, ಅವರದೇ ಹೊಲದಲ್ಲಿ ಕೂಲಿ ಮಾಡಬೇಕು, ಅವರ ಮನೆ ಮುಂದಿನಿಂದಲೇ ಮಗಳು ಶಾಲೆಗೆ ಹೋಗಬೇಕು. ಕಟಕಟೆಯಲ್ಲಿ ನಿಂತವನ ಹೊಟ್ಟೆ ಇನ್ನೊಬ್ಬನ ಕೈಯಲ್ಲಿದ್ದರೆ ಅವನ ನಾಲಿಗೆಯೂ ಅವನದಲ್ಲ. ಹಾಗಿರುವಾಗ ಇಡೀ ಮೊಕದ್ದಮೆಯನ್ನು ಬಡವನ ನಾಲಿಗೆಯ ಮೇಲೆ ನಿಲ್ಲಿಸುವುದೇ ಮೊದಲ ಅನ್ಯಾಯ. ಮನುಷ್ಯನನ್ನು ಹೆದರಿಸಬಹುದು. ಮಣ್ಣನ್ನು ಹೆದರಿಸಲು ಯಾವ ಗೌಡನಿಗೂ ರೆಡ್ಡಿಗೂ ಆಗುವುದಿಲ್ಲ.

ಮಣ್ಣು ಏನು ಹೇಳುತ್ತದೆ ಗೊತ್ತೆ? ಬೆಂಕಿ ಹಚ್ಚಲು ಸುರಿದ ಸೀಮೆಎಣ್ಣೆ ಪೂರ್ತಿ ಉರಿದುಹೋಗುವುದಿಲ್ಲ. ನೆಲದ ಮಣ್ಣಿಗೆ, ಕಂಬಳಿಯ ಎಳೆಗೆ, ಬಾಗಿಲ ಕೆಳಗಿನ ಸಂದಿಗೆ ಇಳಿದು ಕೂರುತ್ತದೆ. ಆ ಮಣ್ಣನ್ನು ಬೇಗ ತೆಗೆದು, ಗಾಳಿಯಾಡದ ಲೋಹದ ಡಬ್ಬಿಯಲ್ಲೋ ಗಾಜಿನ ಸೀಸೆಯಲ್ಲೋ ಮುಚ್ಚಬೇಕು. ಸಾದಾ ಪ್ಲಾಸ್ಟಿಕ್ ಕವರಿಗೆ ಹಾಕಿದರೆ ಆವಿ ಸೋರಿಹೋಗುತ್ತದೆ. ಹಾಗೇ ಬಿಟ್ಟರೆ ಮಣ್ಣಿನ ಸೂಕ್ಷ್ಮಜೀವಿಗಳು ಎಣ್ಣೆಯನ್ನು ತಿಂದುಹಾಕುತ್ತವೆ. ಡಬ್ಬಿಯನ್ನು ಬಿಸಿ ಮಾಡಿ ಮೇಲಿನ ಆವಿಯನ್ನು ಗ್ಯಾಸ್ ಕ್ರೊಮ್ಯಾಟೊಗ್ರಾಫ್‌ಗೆ ಕೊಟ್ಟರೆ ಸೀಮೆಎಣ್ಣೆಯೋ ಪೆಟ್ರೋಲೋ ಎಂದು ಗೆರೆ ಬರೆದು ತೋರಿಸುತ್ತದೆ. ಆ ಗೆರೆಗೆ ಜಾತಿಯ ಭಯವಿಲ್ಲ, ಕೂಲಿಯ ಚಿಂತೆಯಿಲ್ಲ. ಆದರೆ ಆ ಮಣ್ಣನ್ನು ಬಗ್ಗಿ ತೆಗೆಯುವ ಕೈ ಮನುಷ್ಯನದು. ಆ ಕೈ ಯಾರದು, ಯಾವಾಗ ಬಂತು, ಯಾವ ಡಬ್ಬಿಗೆ ಹಾಕಿತು ಎಂಬಲ್ಲಿ ನ್ಯಾಯ ಉಳಿಯುತ್ತದೆ ಅಥವಾ ಸಾಯುತ್ತದೆ. 2020ರಲ್ಲಿ ಉತ್ತರ ಪ್ರದೇಶದ ಹಾಥರಸ್ ನೆನಪಿದೆಯಲ್ಲ. ದೌರ್ಜನ್ಯಕ್ಕೆ ಸಿಕ್ಕಿ ಸತ್ತ ಆ ದಲಿತ ಹೆಣ್ಣುಮಗಳ ಮೈಮೇಲಿನ ಮಾದರಿ ತೆಗೆದದ್ದು ಘಟನೆಯಾಗಿ 11 ದಿನಗಳ ಮೇಲೆ. ತಡ ಮಾಡಿ ತೆಗೆದ ಮಾದರಿಯಲ್ಲಿ ಏನೂ ಸಿಗಲಿಲ್ಲ ಎಂದು ವರದಿ ಬಂತು. ಏನೂ ಸಿಗದಿದ್ದರಿಂದ ಏನೂ ನಡೆದೇ ಇಲ್ಲ ಎಂದು ಹೇಳುವ ಬಾಯಿಗಳು ಸಿದ್ಧವಾಗಿಯೇ ಇದ್ದವು. ವಿಜ್ಞಾನವನ್ನು ತಡ ಮಾಡಿ ಕರೆದರೆ ಅದು ಬಲಿಷ್ಠನ ವಕೀಲನಾಗುತ್ತದೆ.

ಇಂಗ್ಲೆಂಡಿನ ಒಂದು ಹಳೆಯ ಮೊಕದ್ದಮೆ ಇದೆ. 1833ರಲ್ಲಿ ಜಾರ್ಜ್ ಬೋಡಲ್ ಎಂಬ ಮುದುಕ ವಿಷ ಬೆರೆತ ಕಾಫಿ ಕುಡಿದು ಸತ್ತ. ಮೊಮ್ಮಗನ ಮೇಲೆ ಅನುಮಾನ. ಜೇಮ್ಸ್ ಮಾರ್ಷ್ ಎಂಬ ರಸಾಯನಶಾಸ್ತ್ರಜ್ಞ ಮಾದರಿಯೊಳಗೆ ಇದೇ ಹೈಡ್ರೋಜನ್ ಸಲ್ಫೈಡ್ ಹಾಯಿಸಿದ. ಆರ್ಸೆನಿಕ್ ಹಳದಿ ಗಸಿಯಾಗಿ ಕೂತಿತು. ನಮ್ಮ ಪ್ರಾಕ್ಟಿಕಲ್ಸಿನ ಎರಡನೇ ಗುಂಪಿನ ಹಳದಿ ಗಸಿ ಅದೇ. ಆದರೆ ವಿಚಾರಣೆಯ ಹೊತ್ತಿಗೆ ಅದು ಕೆಟ್ಟುಹೋಗಿತ್ತು. ತೀರ್ಪುಗಾರರು ನಂಬಲಿಲ್ಲ, ಮೊಮ್ಮಗ ಬಿಡುಗಡೆಯಾದ. ಮಾರ್ಷ್ ಸುಮ್ಮನೆ ಕೂರಲಿಲ್ಲ. ಆರ್ಸೆನಿಕ್ ಅನ್ನು ಗಾಜಿನ ಮೇಲೆ ಕನ್ನಡಿಯಂತೆ ಹೊಳೆಯಿಸಿ, ಕಣ್ಣಿಗೆ ಕಾಣುವಂತೆ ಮಾಡುವ ಪರೀಕ್ಷೆಯನ್ನು 1836ರಲ್ಲಿ ಜಗತ್ತಿಗೆ ಕೊಟ್ಟ. ಒಂದು ಮೊಕದ್ದಮೆ ಬಿದ್ದದ್ದಕ್ಕೆ ಒಬ್ಬ ರಸಾಯನಶಾಸ್ತ್ರಜ್ಞನಿಗೆ ಸಿಟ್ಟು ಬಂತು.

ಕಂಬಾಲಪಲ್ಲಿಯ ಮೊಕದ್ದಮೆ ಬಿದ್ದಾಗ ನಮ್ಮ ಯಾವ ಲ್ಯಾಬಿಗೆ ಸಿಟ್ಟು ಬಂತು? ಯಾವ ವಿಜ್ಞಾನ ವಿಭಾಗ ಸಭೆ ಸೇರಿತು? ಬೀದಿಗೆ ಬಂದದ್ದು ದಲಿತ ಸಂಘರ್ಷ ಸಮಿತಿ, ತಮಟೆ, ಹೋರಾಟದ ಹಾಡು. ಆ ಹಾಡುಗಳಿಗೆ ನಾನು ಋಣಿ. ಆದರೆ ತಮಟೆಯ ಪಕ್ಕದಲ್ಲಿ ಟೆಸ್ಟ್ ಟ್ಯೂಬೂ ನಿಲ್ಲಬೇಕಿತ್ತು. ನಿಲ್ಲಲಿಲ್ಲ.

ಯಾಕೆ ನಿಲ್ಲಲಿಲ್ಲ ಎಂದು ಕೇಳಿದರೆ ನಮಗೆ ಕಲಿಸಿದ ರೀತಿ ನೋಡಿ. ನೂರಕ್ಕೆ 30ರಷ್ಟು ಪರಿಶಿಷ್ಟ ಜಾತಿಯ ಜನರಿರುವ ಜಿಲ್ಲೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಡಿಗ್ರಿಗೆ ಬಂದ ದಿನ ಎಲ್ಲವೂ ಇಂಗ್ಲಿಷ್. ಸಾಲ್ಟ್ ಅನಾಲಿಸಿಸ್ ಎಂದರೆ ನಮಗೆ ಚೀಟಿ ಎತ್ತುವ ಆಟ. ಬಿಳಿ ಪುಡಿ ಕೊಡುತ್ತಾರೆ, ಹಿಂದಿನ ವರ್ಷದವರು ಹೇಳಿಕೊಟ್ಟ ಗುರುತು ನೆನಪಿಟ್ಟು ಹೆಸರು ಬರೆಯುತ್ತೇವೆ, ರೆಕಾರ್ಡ್ ಬುಕ್ಕಿಗೆ ಸಹಿ ಬೀಳುತ್ತದೆ. ಆ ಪುಡಿ ಎಲ್ಲಿಂದ ಬಂತು, ಯಾರ ಹೊಟ್ಟೆಗೆ ಹೋಗುತ್ತದೆ, ಯಾರನ್ನು ಕೊಲ್ಲುತ್ತದೆ ಎಂದು ಮೂರು ವರ್ಷದಲ್ಲಿ ಒಂದು ದಿನವೂ ಮಾತು ಬರಲಿಲ್ಲ.

ಕೋಲಾರದ ಸಲುವಾಗಿ ಎಂದು 2017ರಲ್ಲಿ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಬಂತು. ಹೆಸರಿನಲ್ಲಿ ಕೋಲಾರ ಇಲ್ಲ. 2021ರಲ್ಲಿ ನಾಲ್ಕು ವರ್ಷದ ಡಿಗ್ರಿ ಎಂದರು, 2024ರಲ್ಲಿ ಮತ್ತೆ ಮೂರೇ ವರ್ಷ ಎಂದರು. ಸಿಲಬಸ್ ಎರಡು ಸಲ ಮಗುಚಿತು. ಪಾಠ ಮಾಡುವವರಲ್ಲಿ ಬಹಳಷ್ಟು ಜನ ಅತಿಥಿ ಉಪನ್ಯಾಸಕರು, ಕೆಲಸ ವರ್ಷದಿಂದ ವರ್ಷಕ್ಕೆ ತೂಗುಯ್ಯಾಲೆ. ಯಲವಹಳ್ಳಿಯ ಮಕ್ಕಳ ವಿಡಿಯೊ ಹೊರಬಂದ ಅದೇ ಡಿಸೆಂಬರಿನಲ್ಲಿ ಅವರು ಕಾಯಂ ಮಾಡಿ ಎಂದು ತರಗತಿ ಬಿಟ್ಟು ಬೀದಿಯಲ್ಲಿ ಕೂತಿದ್ದರು. ಮಕ್ಕಳು ಗುಂಡಿಯಲ್ಲಿ, ಮೇಷ್ಟ್ರು ಬೀದಿಯಲ್ಲಿ. ವಿದ್ಯೆಗೆ ಸರ್ಕಾರ ಕೊಟ್ಟ ಜಾಗ ಎಲ್ಲಿದೆ ಎಂದು ಆ ತಿಂಗಳು ತೋರಿಸಿತು.

ಫೊರೆನ್ಸಿಕ್ ಎಂಬ ಪದ ನಮ್ಮ ಮಕ್ಕಳಿಗೆ ಸಿಗುವುದು ಟಿ.ವಿ. ಧಾರಾವಾಹಿಯಲ್ಲಿ, ಬೆಂಗಳೂರಿನ ಖಾಸಗಿ ಕಾಲೇಜುಗಳ ಜಾಹೀರಾತು ಬೋರ್ಡಿನಲ್ಲಿ. ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಹೋಗುವ ಮಾಲೂರಿನ ಹುಡುಗಿ ಆ ಬೋರ್ಡು ಓದುತ್ತಾಳೆ, ಶುಲ್ಕ ಕೇಳಿ ತಲೆ ತಗ್ಗಿಸುತ್ತಾಳೆ. ಕನ್ನಡದಲ್ಲಿ ಬರೆಯುವ ಮಹಜರಿಗೂ ಇಂಗ್ಲಿಷಿನಲ್ಲಿ ಬರುವ ಪ್ರಯೋಗಾಲಯದ ವರದಿಗೂ ನಡುವೆ ನಿಂತು, ಎರಡನ್ನೂ ಓದಿ ಹೇಳಬೇಕಾದವಳು ಅವಳೇ. ಅವಳನ್ನೇ ಬಾಗಿಲ ಹೊರಗೆ ನಿಲ್ಲಿಸಿದ್ದಾರೆ.

ಆದರೆ ಆ ವಿಜ್ಞಾನದ ಬೀಜ ನಮ್ಮ ಬಡ ಲ್ಯಾಬುಗಳಲ್ಲೇ ಬಿದ್ದಿದೆ ಎಂದು ಯಾರೂ ಅವಳಿಗೆ ಹೇಳಿಲ್ಲ. ಟೈಟ್ರೇಶನ್ನಿನಲ್ಲಿ ಎರಡು ಹನಿ ಹಾಕುವ ಫೀನಾಲ್ಫ್‌ಥಲೀನ್ ಇದೆಯಲ್ಲ, ಅದನ್ನು ಕ್ಷಾರದಲ್ಲಿ ಸತುವಿನ ಪುಡಿಯೊಂದಿಗೆ ಕುದಿಸಿ ಬಣ್ಣ ಕಳೆಯಿರಿ. ಒಣಗಿದ ಕಲೆಗೆ ಸವರಿದ ಹತ್ತಿಯ ಮೇಲೆ ಅದರ ಒಂದು ಹನಿ, ಆಮೇಲೆ ಹೈಡ್ರೋಜನ್ ಪೆರಾಕ್ಸೈಡಿನ ಒಂದು ಹನಿ. ಆ ಕಲೆ ರಕ್ತವಾಗಿದ್ದರೆ ಹತ್ತಿ ಕ್ಷಣದಲ್ಲಿ ಗುಲಾಬಿಯಾಗುತ್ತದೆ. ಮೊದಲ ಸುಳಿವು ಅದು, ಖಚಿತ ಮಾಡಲು ಮುಂದೆ ಬೇರೆ ಪರೀಕ್ಷೆಗಳಿವೆ. ಒದ್ದೆ ಬಟ್ಟೆಯನ್ನು ನೆರಳಲ್ಲಿ ಒಣಗಿಸಿ ಕಾಗದದ ಚೀಲಕ್ಕೆ ಹಾಕಬೇಕು, ಪ್ಲಾಸ್ಟಿಕ್ಕಿಗೆ ಹಾಕಿದರೆ ಬೂಸ್ಟು ಬಂದು ಸಾಕ್ಷ್ಯ ಕೊಳೆಯುತ್ತದೆ. ಇಷ್ಟು ಗೊತ್ತಿರುವ ಒಬ್ಬ ಹುಡುಗಿ ಪ್ರತಿ ಕೇರಿಯಲ್ಲಿದ್ದರೆ, ಅತ್ಯಾಚಾರ ಆದ ಮರುದಿನ ಬಟ್ಟೆ ಒಗೆಯಬೇಡ ಅಮ್ಮ ಎಂದು ಹೇಳುವ ಒಂದು ಬಾಯಿಯಾದರೂ ಇರುತ್ತದೆ.

ಶ್ರೀನಿವಾಸಪುರಕ್ಕೆ ಹೋಗಿ. ಮಾವಿನ ಊರು. ಕ್ಯಾಲ್ಸಿಯಂ ಕಾರ್ಬೈಡಿನ ಪೊಟ್ಟಣ ಇಟ್ಟು ಹಣ್ಣು ಮಾಡುವುದನ್ನು ಕಾನೂನು ನಿಷೇಧಿಸಿದೆ. ಅದರಿಂದ ಬರುವ ಅಸಿಟಿಲೀನ್ ಜೊತೆ ಆರ್ಸೆನಿಕ್, ರಂಜಕದ ಅಂಶ ಬೆರೆತಿರುತ್ತದೆ. ಪುಡಿ ಹರಡುವ ಕೈ ಕೂಲಿಯ ಹೆಣ್ಣುಮಗಳದ್ದು. ಅವಳ ಮಗ ಅದೇ ಊರಿನಲ್ಲಿ ಕೆಮಿಸ್ಟ್ರಿ ಓದುತ್ತಾನೆ, ಅಸಿಟಿಲೀನ್ ತಯಾರಿಕೆಯ ಸಮೀಕರಣ ಬರೆದು ಐದು ಅಂಕ ಪಡೆಯುತ್ತಾನೆ. ಮುಳಬಾಗಿಲಿಗೆ ಬನ್ನಿ. ಟೊಮ್ಯಾಟೊ ತೋಟಗಳ ಔಷಧದ ಡಬ್ಬ ಪ್ರತಿ ಮನೆಯ ಸೂರಿನಡಿ ಇದೆ. ಹೊಸದಾಗಿ ಮದುವೆಯಾಗಿ ಬಂದವಳು ಸತ್ತರೆ, ಹೊಟ್ಟೆನೋವು ತಾಳಲಾರದೆ ವಿಷ ಸೇವಿಸಿದಳು ಎಂದು ಬರೆಯುತ್ತಾರೆ. ಎಷ್ಟು ವರ್ಷದಿಂದ ಈ ಒಂದೇ ಹೊಟ್ಟೆನೋವು ನಮ್ಮ ಹೆಣ್ಣುಮಕ್ಕಳನ್ನು ಕೊಲ್ಲುತ್ತಿದೆ! ಅವಳ ಹೊಟ್ಟೆಯ ತುಂಡು, ಪಿತ್ತಜನಕಾಂಗದ ತುಂಡು ಉಪ್ಪು ನೀರಿನ ಸೀಸೆಯಲ್ಲಿ ಮುಳುಗಿ ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗುತ್ತವೆ. ವರದಿಗಾಗಿ ತವರಿನವರು ಕಾಯುತ್ತಾರೆ. ಕಾಯುವಷ್ಟು ದಿನ ರಾಜಿ ಪಂಚಾಯ್ತಿಗೆ ಜಾಗ ಸಿಗುತ್ತದೆ.

ಕುಡಿಯುವ ನೀರೂ ಹಾಗೆಯೇ. ಸಾವಿರ ಅಡಿ ದಾಟಿ ಕೊರೆದ ಬೋರ್‌ವೆಲ್ಲಿನಿಂದ ಫ್ಲೋರೈಡ್ ಬಂತು. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದೆಂಬ ಮಿತಿ ದಾಟಿದ ನೀರು ಕುಡಿದ ಮಕ್ಕಳ ಹಲ್ಲು ಹಳದಿ, ಮುದುಕರ ಮೊಣಕಾಲು ಕೊರಡು. ಆಮೇಲೆ 2018ರಲ್ಲಿ ಬೆಂಗಳೂರಿನ ಕೊಳಚೆಯನ್ನು ಎರಡೇ ಹಂತ ಶುದ್ಧ ಮಾಡಿ ಕೆ.ಸಿ. ವ್ಯಾಲಿ ಪೈಪಿನಲ್ಲಿ ನಮ್ಮ ಕೆರೆಗಳಿಗೆ ಬಿಟ್ಟರು. ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದಾಗ ನ್ಯಾಯಾಲಯದ ಬಾಗಿಲು ಬಡಿದದ್ದು ರೈತರು, ಶಾಶ್ವತ ನೀರಾವರಿ ಹೋರಾಟಗಾರರು. ಆ ಕೆರೆಯ ನೀರನ್ನು ತಿಂಗಳು ತಿಂಗಳು ತಂದು ಪರೀಕ್ಷಿಸಿ ಊರ ಅರಳಿಕಟ್ಟೆಯಲ್ಲಿ ಫಲಿತಾಂಶ ಹಚ್ಚುವ ಕೆಲಸ ನಮ್ಮ ಡಿಗ್ರಿ ಕಾಲೇಜುಗಳದ್ದಾಗಿತ್ತು.

ಈಗ ಹೊಸ ಕಾನೂನಿನ ಮಾತು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ 2024ರ ಜುಲೈ 1ರಿಂದ ಜಾರಿಗೆ ಬಂದಿದೆ. ಅದರ 176ನೇ ಕಲಮಿನ ಮೂರನೇ ಉಪಕಲಮು ಹೇಳುತ್ತದೆ: ಏಳು ವರ್ಷ ಅಥವಾ ಅದಕ್ಕೂ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ಫೊರೆನ್ಸಿಕ್ ತಜ್ಞರು ಸ್ಥಳಕ್ಕೆ ಹೋಗಿ ಸಾಕ್ಷ್ಯ ಸಂಗ್ರಹಿಸಲೇಬೇಕು. ಜಾರಿಗೆ ರಾಜ್ಯಗಳಿಗೆ ಐದು ವರ್ಷದ ಅವಕಾಶ. ಕೇಳಲು ಚೆಂದ. ಈಗ ಅದೇ ಗೆರೆಯನ್ನು ನಮ್ಮ ಕೇರಿಯ ಮೇಲೆ ಎಳೆದು ನೋಡಿ. 2022ರಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ದೇವರ ಗುಜ್ಜುಕೋಲು ಮುಟ್ಟಿದ ದಲಿತ ಹುಡುಗನ ಮನೆಯವರಿಗೆ 60 ಸಾವಿರ ರೂಪಾಯಿ ದಂಡ ಹಾಕಿದರು. ಇಂಥ ಅವಮಾನಗಳಿಗೆ ದೌರ್ಜನ್ಯ ತಡೆ ಕಾಯ್ದೆಯ 3(1) ಕಲಮಿನಲ್ಲಿ ಶಿಕ್ಷೆ ಆರು ತಿಂಗಳಿಂದ ಐದು ವರ್ಷ. ಗುಂಡಿಗೆ ಇಳಿಸಿದವರಿಗೆ ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆಯಲ್ಲಿ ಮೊದಲ ಸಲಕ್ಕೆ ಎರಡು ವರ್ಷದವರೆಗೆ. ಏಳು ವರ್ಷದ ಗೆರೆಯ ಕೆಳಗೇ ನಮ್ಮ ದಿನನಿತ್ಯದ ನರಕ ಇದೆ. ಆ ಗೆರೆಯಿಂದ ಕೆಳಗೆ ತಜ್ಞರು ಬರಲೇಬೇಕೆಂಬ ಕಡ್ಡಾಯವಿಲ್ಲ. ಊರ ಬಾವಿಯ ಗೆರೆ, ದೇವಸ್ಥಾನದ ಹೊಸ್ತಿಲ ಗೆರೆ ಸಾಲದೆಂದು ಈಗ ವಿಜ್ಞಾನಕ್ಕೂ ಒಂದು ಗೆರೆ.

ಇದೇ ಹಳೆಯ ಕೋಲಾರ ಜಿಲ್ಲೆಯ ಗೌರಿಬಿದನೂರಿನ ಕಡೆಯ ಹೊಸೂರಿನ ಬಡ ಹುಡುಗ ಎಚ್. ನರಸಿಂಹಯ್ಯ ಓದಲೆಂದು ಬೆಂಗಳೂರಿಗೆ ನಡೆದೇ ಹೋದರು. ಭೌತಶಾಸ್ತ್ರ ಕಲಿತರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು, ಪವಾಡ ಮಾಡುವವರ ಎದುರು ನಿಂತು ಪುರಾವೆ ಕೊಡಿ ಎಂದರು. ಪುರಾವೆ ಕೇಳುವ ಧೈರ್ಯ ಈ ಮಣ್ಣಿಗೆ ಹೊಸದಲ್ಲ. ದೇವಮಾನವರನ್ನು ಕೇಳಿದ ಆ ಪ್ರಶ್ನೆಯನ್ನು ಇನ್ನು ಠಾಣೆಯನ್ನು, ಆಸ್ಪತ್ರೆಯನ್ನು, ಗುಂಡಿಯ ಗುತ್ತಿಗೆದಾರನನ್ನು ಕೇಳಬೇಕು.

ಹಾಗಾಗಿ ನನ್ನ ಬೇಡಿಕೆಗಳನ್ನು ಬರೆದುಕೊಳ್ಳಿ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಸರ್ಕಾರಿ ಕಾಲೇಜುಗಳಲ್ಲಿ ರಸಾಯನಶಾಸ್ತ್ರದ ಜೊತೆ ಫೊರೆನ್ಸಿಕ್ ವಿಜ್ಞಾನ ಬರಲಿ, ಸರ್ಕಾರಿ ಶುಲ್ಕದಲ್ಲಿ, ಕನ್ನಡದಲ್ಲಿ ಪಾಠವಾಗಲಿ. ಪಾಠ ಮಾಡುವವರ ಕೆಲಸ ಕಾಯಂ ಆಗಲಿ. ಜಿಲ್ಲೆಯ ಸಾಕ್ಷ್ಯ ಜಿಲ್ಲೆಯಲ್ಲೇ ಪರೀಕ್ಷೆಯಾಗಲಿ. ಅಪರಾಧದ ಸ್ಥಳಕ್ಕೆ ಹೋಗುವ ಹುದ್ದೆಗಳಿಗೆ ಈ ಕೇರಿಗಳ ಮಕ್ಕಳನ್ನು ತಯಾರು ಮಾಡಿ. ಜಾತಿ ದೌರ್ಜನ್ಯದ ಪ್ರತಿ ಪ್ರಕರಣಕ್ಕೂ, ಶಿಕ್ಷೆ ಎಷ್ಟೇ ವರ್ಷದ್ದಿರಲಿ, ತಜ್ಞರ ಭೇಟಿ ಕಡ್ಡಾಯವಾಗಲಿ. ಇದು ಭಿಕ್ಷೆಯಲ್ಲ. ಏಳು ಹೆಣಗಳ ಸಾಲ, ಅದನ್ನು ತೀರಿಸಿ ಎನ್ನುತ್ತಿದ್ದೇನೆ.

ಆ ಅಟೆಂಡರ್ ಅಣ್ಣ ಈಗಿಲ್ಲ. ಅವರು ತೊಳೆದಿಟ್ಟ ಟ್ಯೂಬಿನಲ್ಲಿ ನಾನು ಡಿಗ್ರಿ ಪಡೆದೆ. ಕಪ್ಪಾದ ಆ ಕಾಗದದ ಚೂರನ್ನು ಆವತ್ತು ರೆಕಾರ್ಡ್ ಬುಕ್ಕಿಗೆ ಅಂಟಿಸಿದ್ದೆ. ಕೆಳಗೆ, 'ಹೈಡ್ರೋಜನ್ ಸಲ್ಫೈಡ್ ಇದೆ' ಎಂದು ಇಂಗ್ಲಿಷಿನಲ್ಲಿ ಬರೆದಿದ್ದೆ. ಮೇಷ್ಟ್ರು ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿದ್ದರು. ಮೊನ್ನೆ ಆ ಪುಟ ತೆರೆದೆ. ಆ ಸಾಲಿನ ಕೆಳಗೆ ಇನ್ನೊಂದು ಸಾಲು ಸೇರಿಸಿದ್ದೇನೆ, ಕನ್ನಡದಲ್ಲಿ: ಇಲ್ಲಿಗೆ ಯಾರನ್ನು ಇಳಿಸಿದಿರಿ?